ಕೆ.ಸಿ. ವ್ಯಾಲಿ ನೀರಿಗೂ ಒಬ್ಬ ನೀರುಗಂಟಿ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ನಮ್ಮ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರಿನ ಬಗ್ಗೆ ನಿಮ್ಮ ಪತ್ರಿಕೆಗೆ ಓದುಗರು ಬರೆಯುವ ಪತ್ರಗಳನ್ನು ನಾನು ತಪ್ಪದೆ ಓದುತ್ತೇನೆ. ಒಬ್ಬರು ಅದನ್ನು ಬರದ ಜಿಲ್ಲೆಗೆ ಇಳಿದ ಗಂಗೆ ಎನ್ನುತ್ತಾರೆ. ಮರುವಾರ ಇನ್ನೊಬ್ಬರು ವಿಷ ಎನ್ನುತ್ತಾರೆ. ಆ ನೀರು ಬಂದು ನಿಲ್ಲುವ ಕೆರೆಗಳಲ್ಲೊಂದರ ಏರಿಯ ಕೆಳಗೇ ನಮ್ಮ ಮನೆ ಇದೆ. ನಾನು ಕೋಲಾರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ತಂದೆ ಈ ಕೆರೆಗೆ ನೀರುಗಂಟಿಯಾಗಿದ್ದರು, ಅಂದರೆ ಕೆರೆಯನ್ನು ಕಾದು, ತೂಬು ತೆಗೆದು ಹೊಲಗಳಿಗೆ ನೀರು ಹಂಚುವವರು. ಈ ಎರಡೂ ಕಾರಣಗಳಿಗಾಗಿ ನನಗೆ ಹೇಳುವುದಿದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ಸಣ್ಣದಲ್ಲ. ನಮ್ಮ ಕೆರೆ ಹತ್ತು ಹನ್ನೆರಡು ವರ್ಷ ಒಣಗಿ ಬಿದ್ದಿತ್ತು. ಅಂಗಳದ ತುಂಬ ಸೀಮೆಜಾಲಿ ಬೆಳೆದು, ದನ ಸಹ ಒಳಗೆ ನುಗ್ಗಲು ಆಗುತ್ತಿರಲಿಲ್ಲ. ಅಂಥ ಕೆರೆಯಲ್ಲಿ ಈಗ ನೀರಿದೆ. ನಮ್ಮ ಹೊಲದ ಮೂಲೆಯಲ್ಲಿ ತಾತನ ಕಾಲದ ಕಲ್ಲು ಕಟ್ಟಿದ ಬಾವಿಯೊಂದಿದೆ. ಅದರ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿ ಮರವಾಗುವ ಹಂತಕ್ಕೆ ಬಂದಿತ್ತು. 2020ರ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ತಮ್ಮನ ಹೆಂಡತಿ ಓಡಿ ಬಂದು, “ಅಕ್ಕಾ, ಬಾವಿಯಲ್ಲಿ ಏನೋ ಹೊಳೆಯುತ್ತಿದೆ, ಬನ್ನಿ” ಎಂದಳು. ಟಾರ್ಚ್ ಬಿಟ್ಟು ನೋಡಿದೆವು. ತಳದಲ್ಲಿ ಮೊಣಕಾಲುದ್ದ ನೀರಿತ್ತು. ಅವಳು ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು, ಆ ಬಾವಿಯಲ್ಲಿ ನೀರು ನೋಡಿದ್ದು ಅದೇ ಮೊದಲು. ಒಂದು ಕಲ್ಲು ಎತ್ತಿ ಹಾಕಿ ಸದ್ದು ಕೇಳಿದಳು. ಮತ್ತೊಂದು ಹಾಕಿದಳು. ಆ ಸದ್ದನ್ನು ನಾನು ಮರೆತಿಲ್ಲ. ಈ ಯೋಜನೆಯಿಂದ ಏನೂ ಆಗಿಲ್ಲ ಎನ್ನುವವರ ಜೊತೆ ಹಾಗಾಗಿ ನಾನು ನಿಲ್ಲಲಾರೆ. ಕೆರೆಗಳ ಸುತ್ತ ಅಂತರ್ಜಲ ಏರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರೂ ದಾಖಲಿಸಿದ್ದಾರೆ. 2021ರ ನವೆಂಬರ್‌ನ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದವು. ಆಮೇಲಿನ ಏರಿಕೆಯಲ್ಲಿ ಮಳೆಯ ಪಾಲೂ ಇದೆ. ಆದರೆ ನಮ್ಮ ಬಾವಿಯ ಮೊಣಕಾಲುದ್ದ ನೀರು ಆ ಮಳೆಗೆ ಮೊದಲಿನದು.

ನೀರು ಎಲ್ಲಿಂದ ಬಂತು ಎಂಬುದನ್ನೂ ನೆನಪಿಡಬೇಕು. ಬೆಂಗಳೂರಿನ ಕೊಳಚೆಯೇ ಇದು. 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿಕೊಂಡ ಚಿತ್ರಗಳನ್ನು ನೀವೇ ಪ್ರಕಟಿಸಿದ್ದೀರಿ. ಕೊಳಚೆ ಅಲ್ಲಿಂದ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ ಇಳಿದು ಹೊಸೂರು ಬಳಿಯ ಅಣೆಕಟ್ಟೆಯಲ್ಲಿ ನೊರೆಯಾಗಿ ಏಳುತ್ತಿತ್ತು. ಅದನ್ನು ಶುದ್ಧೀಕರಿಸಿ ಕೋಲಾರಕ್ಕೆ ತಿರುಗಿಸುವುದು ಒಳ್ಳೆಯ ಆಲೋಚನೆ. ದಿನಕ್ಕೆ 44 ಕೋಟಿ ಲೀಟರ್, ಮೊದಲ ಹಂತದಲ್ಲಿ 126 ಕೆರೆ. ಶಾಶ್ವತ ನೀರಾವರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ಜಿಲ್ಲೆ ನಮ್ಮದು. ಬೇರೆ ನೀರು ಕಾಣದ ಹೊತ್ತಿನಲ್ಲಿ ಬಂದದ್ದನ್ನು ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಊರಿನ ಹೆಂಗಸರು ಅರಿಸಿನ ಕುಂಕುಮ ಹಾಕಿ ಪೂಜೆ ಮಾಡುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದಿತು. ಮತ್ತೆ ಹೋಗಿ ನೋಡಿದೆ. ಹತ್ತಿಯ ಹಿಂಜಿಲಿನಂಥ ನೊರೆ ಗಾಳಿಗೆ ಕಿತ್ತು ಬಂದು ದಡದ ಹುಲ್ಲಿಗೆ ಅಂಟಿಕೊಳ್ಳುತ್ತಿತ್ತು. ಬೆರಳಲ್ಲಿ ಮುಟ್ಟಿದರೆ ಬಟ್ಟೆ ಒಗೆಯುವ ಪುಡಿಯ ಜಾರುವಿಕೆ, ಮೂಸಿದರೆ ಚರಂಡಿಯ ವಾಸನೆ. ಪ್ರಕರಣ ಹೈಕೋರ್ಟ್‌ಗೆ ಹೋಯಿತು, ಸುಪ್ರೀಂ ಕೋರ್ಟ್‌ಗೆ ಹೋಯಿತು. ನೀರು ನಿಂತಿತು, ಮತ್ತೆ ಹರಿಯಿತು.

ಈಗಿರುವುದು ಎರಡನೇ ಹಂತದ ಶುದ್ಧೀಕರಣ. ಕೊಳಚೆಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಾರೆ. ಅವು ಕೊಳೆಯುವ ಪದಾರ್ಥವನ್ನು ತಿಂದು ಮುಗಿಸುತ್ತವೆ, ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಕಳುಹಿಸುತ್ತಾರೆ. ಆ ತಿಳಿಯಲ್ಲಿ ಕರಗಿರುವ ರಂಜಕ, ಸಾರಜನಕ, ಲವಣಗಳು, ನಾವು ನುಂಗಿದ ಔಷಧಿಗಳ ಉಳಿಕೆ ಪೂರ್ತಿ ಹೋಗುವುದಿಲ್ಲ. ಕೆರೆಯಿಂದ ಕೆರೆಗೆ ಹರಿಯುತ್ತ, ಮಣ್ಣಿನಲ್ಲಿ ಇಂಗುತ್ತ ಇನ್ನಷ್ಟು ಶುದ್ಧವಾಗುತ್ತದೆ ಎಂಬುದು ಯೋಜನೆಯ ಲೆಕ್ಕ. ಆ ಲೆಕ್ಕದಲ್ಲಿ ಹುರುಳಿದೆ, ಮಣ್ಣು ಒಳ್ಳೆಯ ಸೋಸುಕವೇ. ಆದರೆ ಸೋಸುಕವನ್ನು ಆಗಾಗ ತೆಗೆದು ನೋಡಬೇಕು ಎನ್ನುವುದು ಕಾಫಿ ಸೋಸುವವರಿಗೂ ಗೊತ್ತು. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಮೊದಲೇ ಹಲ್ಲನ್ನು ಕಂದಾಗಿಸುವ ಫ್ಲೋರೈಡ್ ಇದೆ. ನನ್ನ ತರಗತಿಯಲ್ಲಿ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ ಮಕ್ಕಳ ಕಂದು ಹಲ್ಲುಗಳನ್ನು ಮೂವತ್ತು ವರ್ಷ ನೋಡಿದ್ದೇನೆ. ಅದರ ಮೇಲೆ ಇನ್ನೊಂದು ಸೇರುವುದು ಬೇಡ. ಕೊಳಚೆಯಲ್ಲಿ ಕರಗಿ ಉಳಿದದ್ದರ ಬಹುಪಾಲನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎನ್ನುವವರ ದನಿಗೆ ನನ್ನ ದನಿಯೂ ಸೇರಲಿ.

ಆದರೆ ಮೂರನೇ ಹಂತ ಆಯಿತೆಂದರೆ ಎಲ್ಲವೂ ಮುಗಿಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಆಯುಷ್ಯದಲ್ಲಿ ಈ ಜಿಲ್ಲೆಗೆ ಹೀಗೆ ಎಷ್ಟು ಪರಿಹಾರಗಳು ಬಂದು ಹೋದವು! ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂದು ನೀಲಗಿರಿ ಸಸಿ ಹಂಚಿದರು. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ನೀಲಗಿರಿ ತೋಪುಗಳಾದವು. 2017ರಲ್ಲಿ ಸರ್ಕಾರವೇ ಅದನ್ನು ನೆಡಬಾರದು ಎಂದಿತು. ಆಮೇಲೆ ಕೊಳವೆಬಾವಿ. ನಮ್ಮದು ಮೊದಲನೆಯದು 180 ಅಡಿಗೆ ಸಿಕ್ಕಿತ್ತು. ಕೊನೆಯದನ್ನು 1,350 ಅಡಿ ಕೊರೆಸಿದೆವು, ಬಿಳಿ ಪುಡಿ ಹಾರಿತೇ ಹೊರತು ನೀರು ಬರಲಿಲ್ಲ. ಆ ಸಾಲ ತೀರಿಸಲು ಅಮ್ಮನ ಕಾಸಿನ ಸರ ಹೋಯಿತು.

ಹನಿ ನೀರಾವರಿಯ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ತಪ್ಪು ಯಂತ್ರದ್ದಲ್ಲ, ನಮ್ಮದು. ಶೇ 90ರ ಸಹಾಯಧನ ಸಿಕ್ಕಿತು, ತಮ್ಮ ಒಂದು ಎಕರೆ ಟೊಮೆಟೊಗೆ ಡ್ರಿಪ್ ಹಾಕಿದ. ಬಹಳ ಚೆನ್ನಾಗಿ ಕೆಲಸ ಮಾಡಿತು. ಮೊದಲು ಕಾಲುವೆಯಲ್ಲಿ ಹಾಯಿಸುತ್ತಿದ್ದಾಗ ಬೇಕಿದ್ದ ನೀರಿನ ಅರ್ಧದಷ್ಟೂ ಬೇಕಾಗಲಿಲ್ಲ. ಉಳಿದ ನೀರನ್ನು ಏನು ಮಾಡಿದೆವು? ನೆಲದೊಳಗೇ ಬಿಟ್ಟೆವೇ? ಇಲ್ಲ. ಬೀಳು ಬಿಟ್ಟಿದ್ದ ಇನ್ನೊಂದು ಎಕರೆಗೆ ಮಲ್ಚಿಂಗ್ ಶೀಟ್ ಹಾಸಿ ಕ್ಯಾಪ್ಸಿಕಂ ಹಾಕಿದೆವು. ಮೋಟರ್ ಮೊದಲು ಎಷ್ಟು ಹೊತ್ತು ಓಡುತ್ತಿತ್ತೋ ಅಷ್ಟೇ ಹೊತ್ತು ಓಡಿತು. ಅಕ್ಕಪಕ್ಕದವರೂ ಹಾಗೆಯೇ ಮಾಡಿದರು. ಡ್ರಿಪ್ ಪೈಪು ನೀರು ಉಳಿಸಿಕೊಟ್ಟಿತು, ಉಳಿದದ್ದು ಯಾರದು ಎಂಬುದನ್ನು ಅದು ಹೇಗೆ ತೀರ್ಮಾನಿಸುತ್ತದೆ?

ನನ್ನ ತಂದೆಯ ಕೆಲಸ ಆ ತೀರ್ಮಾನವೇ ಆಗಿತ್ತು. ಕೆರೆ ತುಂಬಿದ ವರ್ಷ ಅವರದು ಹಗುರ ಕೆಲಸ. ಅರ್ಧ ತುಂಬಿದ ವರ್ಷವೇ ಕಷ್ಟ. ತೂಬಿನ ಕಲ್ಲುಕಂಬದಲ್ಲಿ ನೀರು ಎಷ್ಟನೇ ಗುರುತಿಗೆ ಬಂದಿದೆ ಎಂದು ನೋಡಿ ಬಂದು, ಅರಳಿಕಟ್ಟೆಯ ಮುಂದೆ ನಿಂತು, “ಈ ಸಲ ಭತ್ತ ಬೇಡ, ರಾಗಿಗಾದರೆ ಎಲ್ಲರಿಗೂ ಎರಡೆರಡು ತಡಿ ನೀರು ಕೊಡಬಹುದು” ಎಂದು ಹೇಳುತ್ತಿದ್ದರು. ಊರಿನ ದೊಡ್ಡ ಹಿಡುವಳಿದಾರರೂ ಆ ಮಾತಿಗೆ ತಲೆ ಬಾಗಬೇಕಿತ್ತು. ತೂಬಿನ ಬಿರಡೆ ಎತ್ತಲು ಅವರು ಚಳಿಗಾಲದ ಬೆಳಗಿನ ಜಾವವೂ ನೀರಿಗೆ ಇಳಿಯುತ್ತಿದ್ದರು. ಮೇಲೆ ಬಂದಾಗ ತುಟಿ ನೀಲಿಗಟ್ಟಿರುತ್ತಿತ್ತು, ಅಮ್ಮ ಕಂಬಳಿ ಹಿಡಿದು ಏರಿಯ ಮೇಲೆ ಕಾಯುತ್ತಿದ್ದಳು. ಸುಗ್ಗಿಯಲ್ಲಿ ಕಣದ ಕಾಳಿನಲ್ಲಿ ಅವರಿಗೊಂದು ಪಾಲು. ಆ ಪಾಲು ಪಡೆಯಲು ಅವರು ಕಣದ ಹೊರಗೇ ನಿಲ್ಲಬೇಕಿತ್ತು ಎಂಬುದನ್ನೂ ಇಲ್ಲಿ ಬರೆಯುತ್ತೇನೆ, ಏಕೆಂದರೆ ನಾವು ದಲಿತರು. ಹಳೆಯ ಕಾಲವನ್ನು ನಾನು ಮರಳಿ ಕರೆಯುತ್ತಿಲ್ಲ. ಅದರಲ್ಲಿದ್ದ ಅವಮಾನ ಬೇಡ. ಆದರೆ ದಿನವೂ ಕೆರೆಯನ್ನು ಕಣ್ಣಿಟ್ಟು ನೋಡುವವನೊಬ್ಬ ಇದ್ದ, ಅವನ ಕೈಯಲ್ಲಿ ತೂಬು ಇತ್ತು. ಅದು ಬೇಕು.

ಈಗ ತೂಬು ಯಾರ ಕೈಯಲ್ಲಿದೆ? ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನಮ್ಮ ಕೆರೆಗೆ ಬರುವ ನೀರು ಕಡುಬೂದು ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದ ಹೊತ್ತಿಗೆ ದಡದಲ್ಲಿ ಸತ್ತ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದು ಕಚೇರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಕಚೇರಿಯ ನಂಬರ್ ಕೊಟ್ಟರು. ಅಲ್ಲಿಯವರು ಬೆಂಗಳೂರಿನವರನ್ನು ಕೇಳಿ ಎಂದರು. ಮೂರನೇ ದಿನ ಒಬ್ಬ ಹುಡುಗ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದ, ಅಷ್ಟರಲ್ಲಿ ನೀರಿನ ಬಣ್ಣ ತಿಳಿಯಾಗಿತ್ತು. ವರದಿ ಏನು ಬಂತೋ ನಮಗೆ ಯಾರೂ ಹೇಳಲಿಲ್ಲ. ಬಂದವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೇಳಿದ ಕೆಲಸ ಮಾಡಿದ. ನೀರು ಕೆಟ್ಟ ದಿನ, ಕೆಟ್ಟ ಗಂಟೆಯಲ್ಲಿ ಅದನ್ನು ಹಿಡಿದು ನೋಡುವ ಅಧಿಕಾರ ಕೆರೆಯ ಊರಿನವರಿಗೆ ಇಲ್ಲ, ಒಳಹರಿವನ್ನು ನಿಲ್ಲಿಸುವ ಅಧಿಕಾರವಂತೂ ದೂರದ ಮಾತು. ಮೂರನೇ ಹಂತದ ಯಂತ್ರವೂ ಒಂದು ದಿನ ಕೆಡುತ್ತದೆ, ವಿದ್ಯುತ್ ಹೋಗುತ್ತದೆ. ಆ ದಿನವೂ ನಮಗೆ ಮೊದಲು ತಿಳಿಸುವುದು ಸತ್ತ ಮೀನೇ ಆಗಬೇಕೆ?

ಇನ್ನೊಂದು ಮಾತು. ಈ ನೀರನ್ನು ಕೆರೆಯಿಂದ ನೇರವಾಗಿ ಎತ್ತುವಂತಿಲ್ಲ, ಅಂತರ್ಜಲ ಮರುಪೂರಣಕ್ಕೆ ಮಾತ್ರ ಎಂದು ನಿಯಮ. ಅಂತರ್ಜಲ ಏರಿದ ಕೂಡಲೇ ನಮ್ಮ ಕೆರೆಯ ಕೆಳಗೆ ಒಂದೇ ವರ್ಷದಲ್ಲಿ ಏಳು ಹೊಸ ಕೊಳವೆಬಾವಿಗಳು ಬಂದವು. ಕೊರೆಸಲು ಹಣ ಇದ್ದವರು ಕೊರೆಸಿದರು. ಏರಿಯಿಂದ ದೂರ ಇರುವ, ಒಂದೂವರೆ ಎಕರೆಯ ಮಳೆಯಾಶ್ರಿತ ರೈತರಿಗೆ ದಕ್ಕಿದ್ದು ಸೊಳ್ಳೆ ಮಾತ್ರ. ಮಳೆ ನೀರು ಕೆರೆಗೆ ಬರುವ ರಾಜಕಾಲುವೆಗಳಿಗೆ ಇನ್ನೂ ಹೂಳು, ಒತ್ತುವರಿ. ಪಂಪಿನ ನೀರು ಹೇಗೂ ಬರುತ್ತದಲ್ಲ ಎಂದು ಅವನ್ನು ಯಾರೂ ಕೇಳುತ್ತಿಲ್ಲ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಎತ್ತಿ, ಬಳಸಿ ಕೊಳಚೆ ಮಾಡಿ, ಶುದ್ಧೀಕರಿಸಿ, ಮತ್ತೆ ಎತ್ತಿ ನಮಗೆ ಕಳುಹಿಸುತ್ತಿದ್ದೇವೆ. ನಮ್ಮ ಗುಡ್ಡದ ಮೇಲೆ ಬಿದ್ದ ಮಳೆ ಮಾತ್ರ ರಸ್ತೆ ಚರಂಡಿಯಲ್ಲಿ ಹೋಗುತ್ತಿದೆ. ಈ ಜಿಲ್ಲೆಯ ಕೆರೆಗಳನ್ನು ಕಟ್ಟಿದವರಿಗೆ ಪಂಪು ಇರಲಿಲ್ಲ, ಕಾಲುವೆಯ ಇಳಿಜಾರು ಗೊತ್ತಿತ್ತು.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಈ ನೀರು ಬರುವ ಪ್ರತಿ ಕೆರೆಗೆ ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಯಾವ ಜಾತಿಯವರಾದರೂ ಸರಿ, ನೀರುಗಂಟಿ ಎಂದು ನೇಮಿಸಿ. ನೀರು ಪರೀಕ್ಷಿಸುವ ಸಾಮಾನ್ಯ ಕಿಟ್ ಕೊಡಿ. ಪ್ರಯೋಗಾಲಯದ ವರದಿಯನ್ನು ಕೆರೆ ಏರಿಯ ಮೇಲೆ ಕನ್ನಡದಲ್ಲಿ ಬೋರ್ಡು ಹಾಕಿ ಬರೆಯಿಸಿ. ನೀರು ಕೆಟ್ಟಿದೆ ಎಂದು ಆ ನೀರುಗಂಟಿ ಹೇಳಿದರೆ ಅಂದೇ ಒಳಹರಿವು ನಿಲ್ಲಲಿ, ವಾದ ಆಮೇಲೆ ನಡೆಯಲಿ. ಕೆರೆಯ ಕೆಳಗಿನ ಕೊಳವೆಬಾವಿಗಳ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ. ಇಷ್ಟು ದೊಡ್ಡ ಯೋಜನೆಯಲ್ಲಿ ಇದರ ಖರ್ಚು ಎಷ್ಟಾದೀತು?

ಮೀನು ಸತ್ತ ದಿನದಿಂದ ನಾನೇ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಪ್ರತಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಏಳಕ್ಕೆ ಒಳಹರಿವಿನ ಬಣ್ಣ, ವಾಸನೆ, ನೊರೆ ಇದೆಯೋ ಇಲ್ಲವೋ, ತೂಬಿನ ಕಂಬದಲ್ಲಿ ನೀರಿನ ಗುರುತು, ಬಾವಿಯಲ್ಲಿ ಎಷ್ಟು ಮೆಟ್ಟಿಲು ಮುಳುಗಿವೆ ಎಂಬುದನ್ನು ಬರೆಯುತ್ತೇನೆ. ಶಾಲೆಯಿಂದ ಹಳೆಯ ಪಿ.ಎಚ್. ಕಾಗದ ತಂದು ಅದನ್ನೂ ಅದ್ದಿ ನೋಡುತ್ತೇನೆ. ಎರಡನೇ ಪುಸ್ತಕ ಮುಗಿಯುತ್ತ ಬಂದಿದೆ. ಇವನ್ನು ಯಾವ ಅಧಿಕಾರಿಯ ಕೈಗೆ ಕೊಡಬೇಕು ಎಂದು ಸಂಬಂಧಪಟ್ಟವರು ನಿಮ್ಮ ಪತ್ರಿಕೆಯ ಮೂಲಕವಾದರೂ ತಿಳಿಸಿದರೆ, ಮರುದಿನವೇ ಮೊದಲ ಬಸ್ಸಿಗೆ ತಂದುಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಕೋಲಾರ ತಾಲ್ಲೂಕು