ಹೊಸ ಪ್ಲೇಯರ್ ಈಗಲೇ ಬೇಡ, ತಮ್ಮಾ

ಪ್ರೀತಿಯ ತಮ್ಮಾ,

ನಿನ್ನ ಕಾಕಾನ ಆಶೀರ್ವಾದ. ನಿನ್ನೆ ನಿನ್ನ ಅವ್ವ, ನಮ್ಮ ವೈನಿ, ಫೋನ್ ಮಾಡಿದ್ದರು. ನೀನು ಡಿಜೆಗಳು ಹಾಡು ಬಾರಿಸುವ ಹೊಸ ಪ್ಲೇಯರ್ ಸಿಡಿಜೆ-3000ಎಕ್ಸ್ ಜೋಡಿ ತಗೋಬೇಕು ಅಂತ ಹಟ ಹಿಡಿದಿದ್ದೀಯಂತೆ, ಅದಕ್ಕೆ ಅವರ ಬಂಗಾರದ ಪಾಟಲಿ ಸೊಸೈಟಿಯಲ್ಲಿ ಅಡವಿಡುವ ಮಾತೂ ನಡೆದಿದೆಯಂತೆ. ಅವರು ಬೇಡ ಅಂತ ಹೇಳಲಿಲ್ಲ, ನೋಡು. ಸೌಂಡಿನ ವಿಷಯ ನಿಮಗೆ ಗೊತ್ತು, ನೀವೇ ಒಂದು ಮಾತು ಹೇಳಿ ಅಂದರು. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅಂತ ಇಟ್ಟುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಈ ಸೀಜನ್‌ಗೆ ತಗೋಬೇಡ.

ಮಷೀನ್ ಕೆಟ್ಟದ್ದು ಅಂತ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಬಂದಾಗಿನಿಂದ ನಾನೂ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. 10.1 ಇಂಚಿನ ಟಚ್ ಸ್ಕ್ರೀನ್, ಒಳಗೇ ವೈ-ಫೈ, ಫೋನ್ ತಾಗಿಸಿದರೆ ನಿನ್ನ ಲೈಬ್ರರಿ ತೆರೆಯುವ ಸೌಲಭ್ಯ, ಕ್ಲೌಡಿನಿಂದ ನೇರವಾಗಿ ಹಾಡು. ಒಳ್ಳೆಯ ಕೆಲಸ ಮಾಡಿದ್ದಾರೆ. ಆದರೆ ಅದರಲ್ಲಿ ಎಷ್ಟು ನಿನ್ನ ಕೆಲಸಕ್ಕೆ ಬರುತ್ತದೆ ಹೇಳು. ನೀನು ಬಾರಿಸೋದು ಎಲ್ಲಿ? ಲಗ್ನದ ಮೆರವಣಿಗೆ, ಊರ ಜಾತ್ರೆ, ಗಣಪತಿ, ಶಿವಜಯಂತಿ. ಅಲ್ಲಿ ಜನ ಕೇಳೋದು ನಮ್ಮ ಕಡೆಯ ಜಾನಪದ ಡಿಜೆ ಹಾಡು, ಅದರ ಮೇಲೆ ಯಾರೋ ಹುಡುಗ ಹೊಸದಾಗಿ ಬೇಸ್ ಏರಿಸಿ ಮಾಡಿದ ಮಿಕ್ಸ್. ಅದು ನಿನಗೆ ಬರೋದು ವಾಟ್ಸಾಪ್‌ನಲ್ಲಿ, ಇಲ್ಲವೇ ಇನ್ನೊಬ್ಬ ಡಿಜೆಯ ಪೆನ್‌ಡ್ರೈವ್‌ನಲ್ಲಿ. ಬೀಟ್‌ಪೋರ್ಟ್ ಥರದ ಆನ್‌ಲೈನ್ ಹಾಡಿನ ಅಂಗಡಿಗೆ ತಿಂಗಳ ಚಂದಾ ಕಟ್ಟಿ ಹುಡುಕಿದರೂ ಅಂಥ ಮಿಕ್ಸ್ ನಿನಗೆ ಸಿಗೋದು ಕಷ್ಟ. ಇನ್ನು ಗಣಪತಿ ವಿಸರ್ಜನೆಯ ರಾತ್ರಿ ಬೆಳಗಾವಿಯ ಕಪಿಲೇಶ್ವರ ಹೊಂಡದ ಹತ್ತಿರ ಸಾವಿರಾರು ಜನ ಒಟ್ಟಿಗೆ ವಿಡಿಯೋ ಕಳಿಸುತ್ತಿರುವಾಗ ಒಂದು ಫೋನ್ ಕಾಲ್ ಹೋಗೋದೇ ಕಷ್ಟ, ಅಂಥ ಕಡೆ ಹಾಟ್‌ಸ್ಪಾಟ್ ನಂಬಿಕೊಂಡು ಹಾಡು ಹಾಕ್ತೀಯಾ? ಆಗಲೂ ನಿನ್ನ ಕೈಯಲ್ಲಿರೋದು ಪೆನ್‌ಡ್ರೈವೇ ತಾನೇ.

ಗೋವಾದ ಕ್ಲಬ್‌ಗಳಲ್ಲಿ ಬಾರಿಸಬೇಕು ಅನ್ನೋ ನಿನ್ನ ಆಸೆ ನನಗೆ ಗೊತ್ತು, ಅದು ಒಳ್ಳೆಯ ಆಸೆ. ಆದರೆ ಅದಕ್ಕೆ ಪ್ಲೇಯರ್ ಬೇಕಾಗಿಲ್ಲ. ಅಂಥ ಕ್ಲಬ್‌ಗಳಲ್ಲಿ ಪ್ಲೇಯರ್, ಮಿಕ್ಸರ್ ಸಾಮಾನ್ಯವಾಗಿ ಅವರದೇ ಇರುತ್ತವೆ. ಚೋರ್ಲಾ ಘಾಟ್ ಇಳಿಯುವಾಗ ನಿನ್ನ ಚೀಲದಲ್ಲಿ ಇರಬೇಕಾದ್ದು ಹೆಡ್‌ಫೋನ್ ಮತ್ತು ಸರಿಯಾಗಿ ತಯಾರು ಮಾಡಿದ ಎರಡು ಪೆನ್‌ಡ್ರೈವ್. ಹೊಸ ಮಷೀನ್ ಕೈಗೆ ರೂಢಿಯಾಗಬೇಕು ಅನ್ನಿಸಿದರೆ ಒಂದು ದಿನಕ್ಕೆ ಬಾಡಿಗೆಗೆ ತಂದು ಮನೆಯಲ್ಲಿ ಇಟ್ಟುಕೊಂಡು ಬಾರಿಸು. ಪುಣೆಯಲ್ಲೋ ಗೋವಾದಲ್ಲೋ ಬಾಡಿಗೆಗೆ ಕೊಡುವವರು ಸಿಗುತ್ತಾರೆ. ಪ್ಲೇ, ಕ್ಯೂ, ಜಾಗ್ ಚಕ್ರ, ಹಾಡಿನ ವೇಗ ಏರಿಳಿಸುವ ಪಿಚ್ ಫೇಡರ್ ನೀನು ಬಲ್ಲ ಜಾಗದಲ್ಲೇ ಇವೆ, ಹಾಡಿನ ಗುರುತಿಟ್ಟ ಜಾಗಕ್ಕೆ ಜಿಗಿಸುವ ಹಾಟ್ ಕ್ಯೂ ಗುಂಡಿ ಎಂಟೂ ಸ್ಕ್ರೀನಿನ ಕೆಳಗೆ ಸಾಲಾಗಿ ಬಂದಿವೆ, ಅಷ್ಟೇ. ಒಂದು ಸಂಜೆಗೆ ಕೈ ಹೊಂದಿಕೊಳ್ಳುತ್ತದೆ.

ಈಗ ರೊಕ್ಕದ ಮಾತು. ಬಿಡುಗಡೆಯಾದಾಗ ಅಮೆರಿಕದಲ್ಲೇ ಅದು ಒಂದಕ್ಕೆ ಸುಮಾರು 3,000 ಡಾಲರ್ ಇತ್ತು. ನಮ್ಮಲ್ಲಿಗೆ ಬರುವಾಗ ಅದರ ಮೇಲೆ ಸುಂಕ, ಜಿಎಸ್‌ಟಿ. ಅಂಥವು ಎರಡು. ನಿನ್ನ ಹಳೆಯ ಮಿಕ್ಸರ್ ಆಮೇಲೆ ಕಣ್ಣಿಗೆ ಚುಚ್ಚಲು ಶುರುವಾಗುತ್ತದೆ, ಅದೂ ಬೇಕು ಅನ್ನಿಸುತ್ತದೆ. ಸೊಸೈಟಿಯ ಕಂತು ಆಷಾಢದಲ್ಲೂ ಕಟ್ಟಬೇಕು, ಪಿತೃಪಕ್ಷದಲ್ಲೂ ಕಟ್ಟಬೇಕು, ಆಗ ನಿನಗೆ ಯಾರೂ ಆರ್ಡರ್ ಕೊಡೋದಿಲ್ಲ. ಲಗ್ನದ ಮನೆಯವರು ಒಂದು ರಾತ್ರಿಗೆ ಇಷ್ಟು ಅಂತ ಮಾತಾಡುವಾಗ ಟ್ರ್ಯಾಕ್ಟರ್ ಮೇಲೆ ಎಷ್ಟು ಬಾಕ್ಸ್ ಕಟ್ಟಿದ್ದೀರಿ, ಲೈಟ್ ಯಾವುದು ಅಂತ ಕೇಳುತ್ತಾರೆ. ಪ್ಲೇಯರ್ ಯಾವ ಮಾಡೆಲ್ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಹೊಸ ಪ್ಲೇಯರ್ ಇದೆ ಅಂತ ನಿನ್ನ ರೇಟ್ ನಯಾಪೈಸೆ ಏರೋದಿಲ್ಲ.

ಇದೇ ನೀನು ಬಾಡಿಗೆಗೆ ಕೊಡುವ ಧಂದೆ ಮಾಡುವವನಾಗಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು. ದೊಡ್ಡ ಡಿಜೆಗಳು ತಮಗೆ ಇಂಥದ್ದೇ ಪ್ಲೇಯರ್ ಬೇಕು ಅಂತ ಬರೆದು ಕಳಿಸುತ್ತಾರೆ, ಅದು ಇದ್ದವನಿಗೇ ಆರ್ಡರ್. ಅಂಥ ಆರ್ಡರ್ ನಿನಗೆ ಖಾತ್ರಿಯಾಗಿ ಬರುತ್ತಿದ್ದರೆ ನಾನೇ ಜಾಮೀನು ಹಾಕ್ತೇನೆ.

ನಿನ್ನ ಹತ್ತಿರ ಇರೋದು ಸಿಡಿಜೆ-2000 ನೆಕ್ಸಸ್ 2. 2016ರ ಮಾಡೆಲ್, ಒಪ್ಪಿದೆ. ಅದಕ್ಕೆ ಮೊದಲಿನದು 2012ರಲ್ಲಿ ಬಂತು, ಆಮೇಲೆ 2020ರಲ್ಲಿ ಸಿಡಿಜೆ-3000, ಈಗ ಇದು. ನಾಲ್ಕೈದು ವರ್ಷಕ್ಕೊಮ್ಮೆ ಹೊಸದು ಬರೋದೇ. ಪ್ರತಿಸಲ ಬೆನ್ನು ಹತ್ತಿದರೆ ದುಡಿದದ್ದೆಲ್ಲ ಅದಕ್ಕೇ ಹೋಗುತ್ತದೆ. ನಿನ್ನ ಪ್ಲೇಯರ್ ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲೂ ಓದುತ್ತದೆ, ಅದರ ಸೌಂಡ್ ಕಾರ್ಡ್ 96 ಕಿಲೋಹರ್ಟ್ಸ್‌ದು. ನೀನು ಹಾಕುತ್ತಿರೋದು ಎಲ್ಲಿಂದಲೋ ಇಳಿಸಿಕೊಂಡ, ಒತ್ತಿ ಚಿಕ್ಕದು ಮಾಡಿದ 128 ಕೆಬಿಪಿಎಸ್‌ನ ಎಂಪಿ3. ಅದನ್ನು ಯಾವ ಹೊಸ ಮಷೀನಿಗೆ ಹಾಕಿದರೂ ಸೌಂಡ್ ಸುಧಾರಿಸೋದಿಲ್ಲ. ಮಿಕ್ಸ್ ಮಾಡಿದ ಹುಡುಗನಿಗೇ ಫೋನ್ ಹಚ್ಚು, ನಾಲ್ಕು ಕಾಸು ಕೊಡು, ಮೂಲ ಫೈಲ್ ತರಿಸಿಕೋ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಲು ಹೇಳು. ಈ ಒಂದು ಕೆಲಸದಿಂದ ನಿನ್ನ ಸೌಂಡ್ ಎಷ್ಟು ತೆರೆದುಕೊಳ್ಳುತ್ತದೆ ಅಂತ ಕೇಳಿ ನೋಡು.

ಹೋದ ಸಲ ಪೆನ್‌ಡ್ರೈವ್ ಓದುತ್ತಿಲ್ಲ ಅಂತ ಪ್ಲೇಯರಿಗೆ ಬೈದೆಯಲ್ಲ. ಅದರಲ್ಲಿ ಪ್ಲೇಯರಿನ ತಪ್ಪೇನೂ ಇಲ್ಲ. 64 ಜಿಬಿಯ ಹೊಸ ಪೆನ್‌ಡ್ರೈವ್‌ಗಳು ಜಾಸ್ತಿ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನಲ್ಲೇ ಬರುತ್ತವೆ, ನಿನ್ನ ಮಾಡೆಲ್ ಅದನ್ನು ಓದೋದಿಲ್ಲ. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಹಾಡು ಜೋಡಿಸುವ ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರ್‌ನಿಂದ ಸರಿಯಾಗಿ ಎಕ್ಸ್‌ಪೋರ್ಟ್ ಮಾಡು, ತೆಗೆಯುವಾಗ ಸ್ಟಾಪ್ ಗುಂಡಿ ಒತ್ತಿ ತೆಗೆ. ನೀನು ಹಾಗೇ ಎಳೆದು ಕಿತ್ತುಕೊಳ್ಳೋದನ್ನು ಕಂಡಿದ್ದೇನೆ, ಹಾಗೆ ಮಾಡಿದರೆ ಒಂದು ದಿನ ಇಡೀ ಲೈಬ್ರರಿ ಹಾಳಾಗುತ್ತದೆ.

ಖರ್ಚು ಮಾಡಲೇಬೇಕು ಅಂದರೆ ಮೊದಲು ಕರೆಂಟಿಗೆ ಮಾಡು. ಮೆರವಣಿಗೆಯಲ್ಲಿ ಜನರೇಟರ್ ಮೇಲೆ ಬಾಕ್ಸ್‌ಗಳ ಬೇಸ್ ಹೊಡೆದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ, ಏರುತ್ತದೆ. ಬೇಸ್ ಬಿದ್ದ ಕೂಡಲೇ ಪ್ಲೇಯರ್ ಆರಿ ಮತ್ತೆ ಹೊತ್ತಿಕೊಳ್ಳುವವರೆಗೆ ಕುಣಿಯುವವರು ನಿನ್ನ ಮುಖ ನೋಡುತ್ತಾ ನಿಲ್ಲುತ್ತಾರೆ. ಪ್ಲೇಯರ್ ಒಂದೊಂದು ತಿನ್ನೋದು 40 ವ್ಯಾಟ್ ಆಸುಪಾಸು. ಎರಡು ಪ್ಲೇಯರ್, ಒಂದು ಮಿಕ್ಸರ್ ಸೇರಿ 150 ವ್ಯಾಟ್ ದಾಟೋದಿಲ್ಲ. 1 ಕೆವಿಎ ಆನ್‌ಲೈನ್ ಯುಪಿಎಸ್ ಒಂದು ಹಾಕಿ ಈ ಮೂರನ್ನೇ ಅದಕ್ಕೆ ಕೊಡು, ಆಂಪ್ಲಿಫೈಯರ್ ಅದಕ್ಕೆ ಹಚ್ಚಬೇಡ. ಅರ್ಥಿಂಗ್ ಸರಿ ಮಾಡಿಸು. ಹೊಸ ಪ್ಲೇಯರ್ ತಂದು ಅದೇ ಜನರೇಟರಿಗೆ ನೇರ ಹಚ್ಚಿದರೆ ಅದೂ ಹೀಗೇ ಆರುತ್ತದೆ, ಆಮೇಲೆ ಸುಡುತ್ತದೆ.

ಆಮೇಲೆ ದೂಳು. ಜಾತ್ರೆಯ ಭಂಡಾರ, ಮೆರವಣಿಗೆಯ ಗುಲಾಲು, ನಮ್ಮ ಬಾಗಲಕೋಟೆಯ ಹೋಳಿಯ ಬಣ್ಣ, ವಿಜಯಪುರದ ಕಡೆ ಹೋದರೆ ಕರಿ ಮಣ್ಣಿನ ದೂಳು, ಎಲ್ಲ ಹೋಗಿ ಕೂರೋದು ಪಿಚ್ ಫೇಡರಿನ ಸೀಳಿನಲ್ಲಿ. ನಿನ್ನ ಎಡಗಡೆಯ ಪ್ಲೇಯರಿನಲ್ಲಿ ಫೇಡರ್ ಮುಟ್ಟದಿದ್ದರೂ ಟೆಂಪೋ ಅಂಕಿ ಹಿಂದೆ ಮುಂದೆ ಜಿಗಿಯುತ್ತದೆ ಅಂತ ನೀನೇ ಹೇಳಿದ್ದೆ. ಅದು ಆ ಭಂಡಾರದ ಹಳದಿ ಪುಡಿಯ ಕೆಲಸ ಇರಬೇಕು. ಕ್ಯೂ ಗುಂಡಿ ಎರಡು ಸಲ ಒತ್ತಿದರೆ ಒಂದು ಸಲ ಕೇಳೋದು ಒಳಗಿನ ಸಣ್ಣ ಸ್ವಿಚ್ ಸವೆದಿರೋದರಿಂದ. ಆ ಸ್ವಿಚ್ ಬದಲಾಯಿಸಬಹುದು, ಫೇಡರೂ ಬದಲಾಯಿಸಬಹುದು. ಇವೆರಡಕ್ಕಾಗಿ ಮಷೀನನ್ನೇ ಬದಲಾಯಿಸುವ ಮಾತು ಯಾಕೆ? ಮೇಲೆ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಕವರ್ ತಗೋ, ಬಾರಿಸದೆ ಇರುವಾಗ ಮುಚ್ಚಿಡು.

ಕಿವಿಗೆ ಇಯರ್‌ಪ್ಲಗ್ ತಗೋ, ಸಂಗೀತಗಾರರು ಹಾಕೋ ಥರದ್ದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು, 100ಕ್ಕೆ ಹೋದರೆ ಹದಿನೈದು ನಿಮಿಷಕ್ಕೇ ಮಿತಿ ಮುಗಿಯುತ್ತದೆ ಅಂತ ಕಿವಿಯ ವಿಷಯ ಬಲ್ಲವರ ಲೆಕ್ಕ. ನೀನು ಡಾಲ್ಬಿಯ, ಆ ದೊಡ್ಡ ಬಾಕ್ಸ್‌ಗಳ ಮುಂದೆ ಇಡೀ ರಾತ್ರಿ ನಿಲ್ಲುತ್ತೀಯ. ಈ ವಿಷಯದಲ್ಲಿ ಮಾತ್ರ ನಾಳೆ ನೋಡೋಣ ಅನ್ನಬೇಡ. ರಾತ್ರಿ 10ಕ್ಕೆ ಸೌಂಡ್ ನಿಲ್ಲಿಸುವ ನಿಯಮವನ್ನೂ ಮರೀಬೇಡ, ಪೊಲೀಸರು ಸೆಟ್ ಒಯ್ದರೆ ಬಿಡಿಸಿಕೊಳ್ಳುವಷ್ಟರಲ್ಲಿ ಸೀಜನ್ನೇ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಮುಂದಿನ ವರ್ಷ ಬದಲಾಯಿಸಲೇಬೇಕು ಅನ್ನಿಸಿದರೆ 2020ರ ಸಿಡಿಜೆ-3000 ಹಳೆಯದನ್ನು ನೋಡು. ಹೊಸದು ಬಂದಾಗ ಒಂದಿಷ್ಟು ಜನ ತಮ್ಮದನ್ನು ಮಾರುತ್ತಾರೆ, ರೇಟ್ ಇಳಿಯುತ್ತದೆ. ತಗೊಂಡರೆ ಎರಡೂ ಒಂದೇ ಮಾಡೆಲ್ ಇರಲಿ. ಒಂದು ಹೊಸದು ಒಂದು ಹಳೆಯದು ಇಟ್ಟುಕೊಂಡರೆ ಕತ್ತಲಲ್ಲಿ ಕೈ ತಪ್ಪುತ್ತದೆ. ನೋಡಲು ಹೋದಾಗ ಬರೀ ಹಚ್ಚಿ ಆರಿಸಿ ಬರಬೇಡ. ಒಂದು ಗಂಟೆ ಓಡಲಿ, ಬಿಸಿಯಾಗಲಿ. ಎಂಟೂ ಹಾಟ್ ಕ್ಯೂ ಒತ್ತು, ಯುಎಸ್‌ಬಿ ಸಿಕ್ಕಿಸಿ ಮೆಲ್ಲಗೆ ಅಲುಗಾಡಿಸು, ಪಿಚ್ ಫೇಡರ್ ನಡುವಿಗೆ ತಂದಾಗ ಸೊನ್ನೆ ನಿಲ್ಲುತ್ತದೋ ನೋಡು, ಎರಡಕ್ಕೂ ಲ್ಯಾನ್ ಕೇಬಲ್ ಹಾಕಿ ಒಂದೇ ಪೆನ್‌ಡ್ರೈವಿನಿಂದ ಎರಡರಲ್ಲೂ ಹಾಡು ತೆರೆ. ಬಿಲ್ ಇಲ್ಲದ ಮಷೀನ್ ಎಷ್ಟೇ ಅಗ್ಗ ಇದ್ದರೂ ಬೇಡ.

ಶ್ರಾವಣ ಹುಟ್ಟುವ ಮೊದಲು ಒಂದು ಭಾನುವಾರ ನಿನ್ನ ಎರಡೂ ಪ್ಲೇಯರ್ ಗಾಡಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಬಾ. ಇಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕ್ ಇದ್ದಾನೆ, ಕೈ ಚೊಕ್ಕ. ಸ್ವಿಚ್ ಮತ್ತು ಫೇಡರ್ ತರಿಸಬೇಕಾಗುತ್ತದೆ, ಅದಕ್ಕೇ ಮಷೀನಿನ ಹಿಂಭಾಗದ ಲೇಬಲ್ ಇವತ್ತೇ ಫೋಟೋ ತೆಗೆದು ನನಗೆ ಕಳಿಸು. ಖರ್ಚು ನನ್ನದು.

ಇಂತಿ,
ನಿನ್ನ ಕಾಕಾ