ಬಂಗಡೆಯ ತಲೆ: ಮಗಳಿಗೊಂದು ಪತ್ರ

ಅಂಕೋಲಾ, ಆಗಸ್ಟ್

ಪ್ರೀತಿಯ ಮಗಾ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಒಲೆ ಮೇಲೆ ಅನ್ನ ಇದೆ ಅಂದದ್ದು ಸುಳ್ಳು. ಗಂಟಲು ಕಟ್ಟಿತ್ತು, ಇಟ್ಟುಬಿಟ್ಟೆ.

"ಶೆಟ್ಲಿ ಸತ್ತ ದಿನ ನಂಗೆ ಅಳುವೇ ಬರಲಿಲ್ಲ, ಈಗ ತಿಂಗಳಾದ ಮೇಲೆ ಮೆಸ್ಸಲ್ಲಿ ತಟ್ಟೆ ಮುಂದೆ ಕೂತು ಅತ್ತೆ, ಇದೆಂಥದು?" ಅಂದೆಯಲ್ಲ. ನನಗೂ ಹಾಗೇ ಆಯಿತು. ನಮ್ಮ ಬೆಕ್ಕು ಹೋದದ್ದು ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲರುಗಳು ಕಡಲಿಗಿಳಿಯುವಂತಿಲ್ಲ. ಮನೆಯಲ್ಲಿ ಒಣಮೀನು, ಉಪ್ಪಿನಕಾಯಿ, ಗಂಜಿ. ಮಳೆ, ಕೆಲಸ, ನಿನ್ನಪ್ಪನ ಕೆಮ್ಮು, ಹೇಗೋ ದಿನ ಹೋದವು. ಮೊನ್ನೆ ಬೇಲೇಕೇರಿ ಕಡೆಯ ಮೀನಿನ ಅಕ್ಕ ಈ ಹಂಗಾಮಿನ ಮೊದಲ ಬಂಗಡೆ ತಂದಳು. ಎಣಿಸಿ ಕೊಟ್ಟು, "ಇದು ಬೆಕ್ಕಿಗೆ" ಅಂತ ಎರಡು ತಾರ್ಲೆ ಮೇಲೆ ಹಾಕಿದಳು. ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮೆಟ್ಟುಗತ್ತಿಯ ಮುಂದೆ ಕೂತು ಮೀನು ಕೊಯ್ದೆ. ತಲೆಗಳು ತಾವಾಗಿಯೇ ಎಡಗಡೆಯ ಗರಟೆಗೆ ಹೋಗಿ ಬಿದ್ದವು. 12 ವರ್ಷದ ಅಭ್ಯಾಸ, ಕೈಗೆ ಯಾರು ಹೇಳಬೇಕು? ಎಲ್ಲ ಮುಗಿಸಿ ನೋಡುತ್ತೇನೆ, ಗರಟೆ ತುಂಬಿಕೊಂಡೇ ಇದೆ. ಅಲ್ಲೇ, ಮೀನಿನ ಕೈಯಲ್ಲೇ ಅತ್ತೆ. ಮಗಾ, ಅಳುವಿಗೂ ಮೀನು ಬರಬೇಕಾಗಿತ್ತೋ ಏನೋ.

ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಕೊಬ್ಬರಿ ಚೀಲದ ಮೇಲೆ ಒಣ ಶೆಟ್ಲಿಯ, ಅಂದರೆ ಸಿಗಡಿಯ, ಹಾಗೆ ಸುರುಟಿಕೊಂಡು ಬಿದ್ದಿತ್ತಲ್ಲ, ಹೆಸರಿಟ್ಟವಳೂ ನೀನೇ. ಮೀನಿನ ಹೆಸರಿಟ್ಟರೆ ಅದನ್ನೇ ತಿಂದುಕೊಳ್ಳುತ್ತದೆ ಅಂತ ಅಜ್ಜಿ ನಕ್ಕಿದ್ದರು.

"ನರ್ಸಿಂಗ್ ಓದುತ್ತಿರುವ ನನಗೇ ಗೊತ್ತಾಗಲಿಲ್ಲ" ಅನ್ನುತ್ತೀಯ. ಮೇ ರಜೆಯಲ್ಲಿ ಅದು ಬಚ್ಚಲ ಬಾನಿಗೆ ಮತ್ತೆ ಮತ್ತೆ ಬಾಯಿ ಹಾಕುವುದನ್ನು ನಾವೆಲ್ಲ ನೋಡಿದ್ದೆವು. ಸೆಖೆ ಅಂದುಕೊಂಡೆವು. ಬೆನ್ನೆಲುಬು ಕೈಗೆ ಸಿಗುತ್ತಿತ್ತು, ವಯಸ್ಸಾಯಿತು ಅಂದುಕೊಂಡೆವು. ವಯಸ್ಸಾದ ಬೆಕ್ಕುಗಳಿಗೆ ಕಿಡ್ನಿ ತೊಂದರೆ ಸಾಮಾನ್ಯ, ಮುಕ್ಕಾಲು ಪಾಲು ಕೆಡುವವರೆಗೂ ರಕ್ತಪರೀಕ್ಷೆಯಲ್ಲೂ ಕಾಣದೆ ಹೋಗಬಹುದು ಅಂತ ಪಶುವೈದ್ಯರು ಆಮೇಲೆ ಹೇಳಿದರು. ಒಮ್ಮೆ ಕೆಟ್ಟದ್ದು ಮತ್ತೆ ಸರಿಯಾಗುವುದಿಲ್ಲವಂತೆ. ಅದರ ಮೇಲೆ ಬೆಕ್ಕು ನೋವನ್ನು ಬಚ್ಚಿಡುವ ಜಾತಿ. ನಿನ್ನ ಪುಸ್ತಕದಲ್ಲಿರುವುದು ಮನುಷ್ಯರ ಕಿಡ್ನಿ ಮಗಾ, ಬೆಕ್ಕಿನದಲ್ಲ.

ನನ್ನದೊಂದಿದೆ. ಜೂನ್‌ನಲ್ಲಿ ಕಟ್ಟಿಗೆ ಕೊಟ್ಟಿಗೆಯಲ್ಲಿ ಉಚ್ಚೆ ಹೊಯ್ದಿತು ಅಂತ ಹಿಡಿಸೂಡಿಯಿಂದ ಒಂದು ಬಾರಿಸಿದ್ದೆ. ಅದೂ ಕಾಯಿಲೆಯೇ ಅಂತ ಈಗ ಗೊತ್ತಾಗಿದೆ. ಅದು ಹಾಗೇ ಇರಲಿ, ನಾನು ಇಟ್ಟುಕೊಳ್ಳುತ್ತೇನೆ. ನೀನು ಮಾತ್ರ ಮಾಡದ ತಪ್ಪನ್ನು ಹುಡುಕಿ ಹುಡುಕಿ ತಲೆಗೆ ಕಟ್ಟಿಕೊಳ್ಳಬೇಡ.

ರೂಮಿನ ಹುಡುಗಿಯರು "ಬೆಕ್ಕಿಗೆಲ್ಲ ಯಾರಾದರೂ ಅಳುತ್ತಾರಾ?" ಅಂದರಂತೆ. ಇಲ್ಲೂ ಒಬ್ಬರು ಇನ್ನೊಂದು ಮರಿ ತಂದುಕೊಡುತ್ತೇನೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಚಹಾ ಕೊಟ್ಟು ಕಳಿಸಿದೆ.

ಎಲ್ಲಿ ಹುಗಿದಿರಿ ಅಂತ ಕೇಳಿದ್ದೆ. ಬಾವಿಯ ಹತ್ತಿರ ಎರಡು ಅಡಿ ತೋಡುವಷ್ಟರಲ್ಲಿ ಒರತೆ ಬಂತು, ಹೊಯಿಗೆ ಕುಸಿಯಿತು. ಹಾಗಾಗಿ ನಿನ್ನಪ್ಪ ಮೇಲಿನ ತೆಂಗಿನ ಬುಡದ ಹತ್ತಿರ ಆಳಕ್ಕೆ ತೋಡಿ, ನಾಯಿ ಕೆದಕದಂತೆ ಮೇಲೆ ಎರಡು ಚಿರೇಕಲ್ಲು ಇಟ್ಟರು. ಮಳೆಯಲ್ಲಿ ನೆನೆಯುತ್ತಲೇ ಮಾಡಿದರು. ಒಳಗೆ ಬಂದು, "ಬೆಕ್ಕು ತಾನೇ" ಅಂದರು.

ನಿನ್ನೆ ರಾತ್ರಿ ದೀಪ ಆರಿಸಲು ಅಡುಗೆಮನೆಗೆ ಹೋದೆ. ಮೀನುಸಾರಿನ ಪಾತ್ರೆಯ ಮುಚ್ಚಳದ ಮೇಲೆ, ಯಾವಾಗಿನ ಹಾಗೆಯೇ, ನಿನ್ನಪ್ಪ ಅರೆಯುವ ಗುಂಡು ಹೇರಿಟ್ಟಿದ್ದರು. ನಾನು ತೆಗೆಯಲಿಲ್ಲ.

ಚೌತಿಗೆ ಬಾ.

ನಿನ್ನ
ಅಮ್ಮ