ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಏಕೆ?

ಮಾನ್ಯರೇ,

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವ ಎಷ್ಟೋ ಕಾರುಗಳು ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡೇ ಓಡುತ್ತವೆ. ಅದು ಕೆಟ್ಟು ನಿಂತ ಗಾಡಿಯ ಗುರುತು. ಓಡುವಾಗ ಹಾಕಿದರೆ ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ಮಂಜಿಗೆ ಡಿಮ್ ಲೈಟು, ಫಾಗ್ ಲ್ಯಾಂಪ್ ಸಾಕು. ಹೈಬೀಮ್ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ, ಎದುರಿಗೆ ಬರೀ ಬಿಳಿ ಗೋಡೆ. ಗಾಜಿನೊಳಗೆ ಆವಿ ಕಟ್ಟಿದರೆ ಒರೆಸುತ್ತಾ ಕೂರಬೇಡಿ: ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಬರಲು ಬಿಡಿ. ಇಳಿಜಾರಿನಲ್ಲಿ ಎರಡನೇ ಗೇರ್ ಇರಲಿ; ಸದಾ ಬ್ರೇಕ್ ಒತ್ತಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಜಾಣರೂ ಇದ್ದಾರಲ್ಲ! ಇನ್ನು ಟೈರು: ಗೀರುಗಳ ಆಳ 1.6 ಮಿ.ಮೀ.ಗೆ ಇಳಿದಿದ್ದರೆ ನೀರು ಹೊರಹೋಗಲು ದಾರಿಯಿಲ್ಲದೆ ಗಾಡಿ ಜಾರುತ್ತದೆ.